ಎಸ್ಪ್ರೆಸೊ ಯಂತ್ರ: ಗ್ರಾಹಕನ ನಿರೀಕ್ಷೆ ಮತ್ತು ವರ್ತಕನ ಲೆಕ್ಕ

ಗೃಹೋಪಯೋಗಿ ವಿದ್ಯುತ್ ಉಪಕರಣಗಳ ಮಳಿಗೆಗಳಲ್ಲಿ ಮಿಕ್ಸರ್, ಇಂಡಕ್ಷನ್ ಒಲೆ, ನೀರು ಶುದ್ಧೀಕರಣ ಯಂತ್ರಗಳ ಸಾಲಿಗೆ ಇತ್ತೀಚಿನ ವರ್ಷಗಳಲ್ಲಿ ಹೊಸ ಸರಕೊಂದು ಸೇರಿಕೊಂಡಿದೆ. ಅದು ಮನೆಬಳಕೆಯ ಎಸ್ಪ್ರೆಸೊ ಕಾಫಿ ಯಂತ್ರ. ಕೆಲವೇ ಸಾವಿರ ರೂಪಾಯಿಗಳಿಂದ ಆರಂಭವಾಗಿ ಲಕ್ಷ ರೂಪಾಯಿಯನ್ನೂ ಮೀರುವ ಬೆಲೆಗಳಲ್ಲಿ ಇದು ದೊರೆಯುತ್ತಿದೆ. ಬೆಲೆಯ ಅಂತರ ಇಷ್ಟು ವಿಶಾಲವಾಗಿರುವ ಸರಕನ್ನು ಕೊಳ್ಳುವಾಗ ಗ್ರಾಹಕನು ತಾನು ಯಾವುದಕ್ಕಾಗಿ ಹಣ ತೆರುತ್ತಿರುವೆನೆಂಬುದನ್ನು ಅರಿಯದಿರುವ ಸಂಭವವುಂಟು. ವರ್ತಕನೂ ತಾನು ಏನನ್ನು ಮಾರುತ್ತಿರುವೆನೆಂಬುದನ್ನು ಅರಿಯದಿರುವ ಸಂಭವ ಅದಕ್ಕಿಂತ ಹೆಚ್ಚು. ಮಾರಾಟದ ದಿನ ಅಂಗಡಿಯಲ್ಲಿ ಹುಟ್ಟಿಸಿದ ನಿರೀಕ್ಷೆಯು ಲೆಕ್ಕಪುಸ್ತಕದಲ್ಲಿ ನಮೂದಾಗದ ಒಂದು ಸಾಲವೆಂಬುದು ನನ್ನ ಅಭಿಪ್ರಾಯ. ಆ ಸಾಲ ತೀರಿಸುವ ಹೊತ್ತು ಬಂದಾಗ ವರ್ತಕನೇ ತೆರಬೇಕಾಗುತ್ತದೆ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆಗೆ ವಿಶೇಷ ತೊಡಕೊಂದಿದೆ. ದೇಶದ ಕಾಫಿ ಉತ್ಪನ್ನದಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆ ನಮ್ಮ ಅಡುಗೆಮನೆಗಳಿಗೆ ಹೊಸದಲ್ಲ. ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರಿನಲ್ಲಿ ಇಳಿದ ಗಟ್ಟಿ ಡಿಕಾಕ್ಷನ್, ಉಕ್ಕಿ ಬಂದ ಹಾಲು, ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದಾಗ ಏಳುವ ನೊರೆ, ಇವು ಕೂಡಿ ಕಾಫಿಯೆಂದರೆ ಹೀಗಿರಬೇಕೆಂಬ ಗಟ್ಟಿಯಾದ ಕಲ್ಪನೆಯನ್ನು ನಮ್ಮ ಗ್ರಾಹಕನಲ್ಲಿ ಎಂದೋ ಬೇರೂರಿಸಿವೆ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಮಳಿಗೆ ತೆರೆದ ನಂತರ ಕ್ಯಾಪುಚಿನೊ, ಲ್ಯಾಟೆ ಎಂಬ ಹೆಸರುಗಳು ನಗರದ ಯುವಜನರ ಬಾಯಿಗೆ ಬಂದವು. ಇಂದು ಯಂತ್ರ ಕೊಳ್ಳಲು ಬರುವ ದಂಪತಿಗಳಲ್ಲಿ ಮಗನ ಮನಸ್ಸಿನಲ್ಲಿ ಕೆಫೆಯ ಕಾಫಿ ಇರುತ್ತದೆ, ಸೊಸೆಯ ಮನಸ್ಸಿನಲ್ಲಿ ಬೆಳಗಿನ ಸಮಯದ ಉಳಿತಾಯವಿರುತ್ತದೆ, ಮನೆಯಲ್ಲಿರುವ ಹಿರಿಯರ ಮನಸ್ಸಿನಲ್ಲಿ ಫಿಲ್ಟರ್ ಕಾಫಿಯೇ ಇರುತ್ತದೆ. ಒಂದೇ ಯಂತ್ರ ಈ ಮೂವರನ್ನೂ ತೃಪ್ತಿಪಡಿಸಬಲ್ಲದೆಂದು ಹೇಳುವ ಮಾರಾಟಗಾರನು ಆಗಲೇ ಸಾಲ ಬರೆದುಕೊಟ್ಟಂತಾಯಿತು.

ಎಸ್ಪ್ರೆಸೊ ಎಂದರೇನೆಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ನುಣ್ಣಗೆ ಬೀಸಿದ ಪುಡಿಯನ್ನು ಬಿಗಿಯಾಗಿ ಒತ್ತಿ, ಅದರ ಮೂಲಕ 90ರಿಂದ 96 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ 25ರಿಂದ 30 ಸೆಕೆಂಡುಗಳ ಕಾಲ ಹಾಯಿಸಿದಾಗ ದೊರೆಯುವ ಸಾರವೇ ಎಸ್ಪ್ರೆಸೊ. ಇಟಲಿಯ ಮಿಲಾನಿನಲ್ಲಿ ಲೂಯಿಜಿ ಬೆಝೆರಾ 1901ರಲ್ಲಿ ಪೇಟೆಂಟ್ ಪಡೆದ ಯಂತ್ರ ಹಬೆಯ ಒತ್ತಡವನ್ನಷ್ಟೇ ನಂಬಿತ್ತು. ಅಕಿಲ್ಲೆ ಗಾಜಿಯಾ ಅವರ ಸನ್ನೆಯ ಯಂತ್ರ 1948ರಲ್ಲಿ ಮಾರುಕಟ್ಟೆಗೆ ಬಂದ ಮೇಲೆಯೇ ಇಂದು ನಾವು ಕಾಣುವ ಹೊಂಬಣ್ಣದ ನೊರೆ ಸಾಧ್ಯವಾಯಿತು. 1961ರಲ್ಲಿ ಫೇಮಾ ಸಂಸ್ಥೆಯ ಇ-61 ಯಂತ್ರ ವಿದ್ಯುತ್ ಪಂಪನ್ನು ರೂಢಿಗೆ ತಂದಿತು. ಇಷ್ಟು ದಶಕಗಳ ಬೆಳವಣಿಗೆಯಲ್ಲಿ 9 ಬಾರ್ ಎಂಬ ಅಂಕಿ ಮಾತ್ರ ಹೆಚ್ಚು ಕಡಿಮೆ ನೆಲೆನಿಂತಿದೆ.

ಆದರೆ ನಮ್ಮ ಅಂಗಡಿಗಳ ಪೆಟ್ಟಿಗೆಗಳ ಮೇಲೆ ಕಾಣುವುದು 15 ಬಾರ್, 20 ಬಾರ್ ಎಂಬ ದಪ್ಪ ಅಕ್ಷರಗಳು. ಇದು ಪಂಪಿನ ಗರಿಷ್ಠ ಸಾಮರ್ಥ್ಯವೇ ಹೊರತು ಪುಡಿಯ ಮೇಲೆ ಬೀಳಬೇಕಾದ ಒತ್ತಡವಲ್ಲ. ಉತ್ತಮ ಯಂತ್ರಗಳಲ್ಲಿ ಹೆಚ್ಚುವರಿ ಒತ್ತಡವನ್ನು ಹೊರಬಿಡುವ ಕವಾಟವಿರುತ್ತದೆ. 20 ಬಾರ್ ಯಂತ್ರವು 15 ಬಾರ್ ಯಂತ್ರಕ್ಕಿಂತ ಉತ್ತಮವೆಂದು ಹೇಳಿ ಮಾರುವುದು ಸ್ಪೀಡಾಮೀಟರಿನಲ್ಲಿ 200 ಕಿ.ಮೀ. ಎಂದು ಬರೆದಿರುವುದನ್ನು ತೋರಿಸಿ ಕಾರು ಮಾರಿದಂತೆ. ಇನ್ನು ಪಂಪಿಲ್ಲದೆ ಹಬೆಯಿಂದಲೇ ನಡೆಯುವ ಅಗ್ಗದ ಯಂತ್ರಗಳು 9 ಬಾರ್‌ನ ಹತ್ತಿರಕ್ಕೂ ಹೋಗಲಾರವು. ಅವುಗಳಿಂದ ಒಳ್ಳೆಯ ಗಟ್ಟಿ ಕಾಫಿ ಬರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಅವನ್ನೂ ಎಸ್ಪ್ರೆಸೊ ಯಂತ್ರವೆಂಬ ಒಂದೇ ಹೆಸರಿನಲ್ಲಿ, ಒಂದೇ ಸಾಲಿನಲ್ಲಿಟ್ಟು ಮಾರುವುದಕ್ಕೆ ತಕರಾರಿದೆ.

ಇದಕ್ಕಿಂತ ದೊಡ್ಡ ಮೌನವೊಂದು ಗ್ರೈಂಡರಿನ ವಿಷಯದಲ್ಲಿದೆ. ಈ ಯಂತ್ರದ ಯಶಸ್ಸು ಪುಡಿಯ ನುಣುಪನ್ನು ಅವಲಂಬಿಸಿದೆ. ಪುಡಿ ತುಸು ತರಿಯಾದರೆ ನೀರು ಹತ್ತೇ ಸೆಕೆಂಡಿನಲ್ಲಿ ಹರಿದು ತೆಳ್ಳಗಿನ ಹುಳಿ ಕಾಫಿ ಬರುತ್ತದೆ, ತುಸು ಹೆಚ್ಚು ನುಣ್ಣಗಾದರೆ ನೀರೇ ಇಳಿಯುವುದಿಲ್ಲ. ಹೀಗೆ ಸೂಕ್ಷ್ಮವಾಗಿ ಹೊಂದಿಸಬಲ್ಲ ಗ್ರೈಂಡರಿಗೆ ಯಂತ್ರದ ಬೆಲೆಯ ಅರ್ಧದಷ್ಟನ್ನೋ, ಕೆಲವೊಮ್ಮೆ ಅಷ್ಟನ್ನೇ ಕೊಡಬೇಕಾಗುತ್ತದೆ. ಮನೆಯ ಮಿಕ್ಸಿಯಿಂದ ಆ ಕೆಲಸವಾಗದು. ಬಿಲ್ಲಿನ ಮೊತ್ತ ಏರಿದರೆ ಗಿರಾಕಿ ಎದ್ದು ಹೋದಾನೆಂಬ ಅಂಜಿಕೆಯಿಂದ ಮಾರಾಟಗಾರನು ಈ ಮಾತನ್ನು ನುಂಗಿಕೊಳ್ಳುತ್ತಾನೆ. ಗ್ರಾಹಕನೂ ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ, ಯಂತ್ರಕ್ಕೆ ಇಪ್ಪತ್ತೈದು ಸಾವಿರ ಕೊಟ್ಟು ಗ್ರೈಂಡರ್ ಬೇಡವೆನ್ನುತ್ತಾನೆ. ಸಿದ್ಧಪುಡಿಗೆಂದೇ ಕೆಲವು ಯಂತ್ರಗಳೊಡನೆ ಇಮ್ಮಡಿ ತಳದ ಜಾಲರಿ ಬರುತ್ತದೆ. ಅದು ನೊರೆಯನ್ನು ಕೊಡುತ್ತದೆ. ಕೆಫೆಯ ರುಚಿಯನ್ನು ಅಪೇಕ್ಷಿಸಿದವನಿಗೆ ಆ ನೊರೆಯಿಂದ ಸಮಾಧಾನವಾಗುವುದು ಕಷ್ಟ.

ನಮ್ಮ ಕಚೇರಿಯಲ್ಲಿ ಲೆಕ್ಕಪತ್ರ ಮಾಡಿಸುವ ಗೃಹೋಪಯೋಗಿ ವಸ್ತುಗಳ ವ್ಯಾಪಾರಿಯೊಬ್ಬರು ತಮ್ಮ ದೂರಿನ ಚೀಟಿಗಳ ಕಡತವನ್ನು ತೋರಿಸಿದ್ದರು. ಕೆಟ್ಟ ಯಂತ್ರಗಳ ದೂರುಗಳು ಅದರಲ್ಲಿ ಇಲ್ಲದಿರಲಿಲ್ಲ, ಆದರೆ ಪುನಃ ಪುನಃ ಕಂಡದ್ದು ಬೇರೆಯೇ ಮೂರು ಮಾತು. ಕಾಫಿ ಬಿಸಿಯಾಗಿಲ್ಲ, ಕಾಫಿ ಸಾಲುವುದಿಲ್ಲ, ಯಂತ್ರ ಕಟ್ಟಿಕೊಂಡಿದೆ. ಮೂರರಲ್ಲಿಯೂ ಯಂತ್ರದ ದೋಷವಿರಲಿಲ್ಲ. ಹಬೆಯಿಂದ ನೊರೆ ಬರಿಸಿದ ಹಾಲನ್ನು 60-65 ಡಿಗ್ರಿಯಲ್ಲಿ ನಿಲ್ಲಿಸುವುದು ಇಟಲಿಯ ಪದ್ಧತಿ. ಕುದಿದ ಹಾಲಿನ ಕಾಫಿಗೆ ಒಗ್ಗಿದ ನಾಲಿಗೆಗೆ ಅದು ಆರಿದ ಕಾಫಿ. ಒಂದು ಎಸ್ಪ್ರೆಸೊ ಎಂದರೆ ಸುಮಾರು 30 ಮಿಲಿಲೀಟರ್. ಬೆಳಿಗ್ಗೆ ಐದು ಜನರಿಗೆ ಕಾಫಿ ಆಗಬೇಕಾದ ಮನೆಯಲ್ಲಿ ಯಂತ್ರದ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಮೂರನೆಯದಕ್ಕೆ ಕಾರಣ ಮನೆಯಲ್ಲಿದ್ದ ಚಿಕೋರಿ ಬೆರೆತ ಫಿಲ್ಟರ್ ಪುಡಿ. ಈ ಯಂತ್ರಕ್ಕೆ ಆ ಪುಡಿ ಹೊಂದುವುದಿಲ್ಲ. ಈ ಮೂರು ಸಂಗತಿಗಳನ್ನು ಕೊಳ್ಳುವ ಮುನ್ನ ಹೇಳಲು ಐದು ನಿಮಿಷ ಸಾಕು.

ಈಗ ಲೆಕ್ಕಕ್ಕೆ ಬರೋಣ. ತೆರಿಗೆಯನ್ನು ಬದಿಗಿಟ್ಟು, ಉದಾಹರಣೆಗಾಗಿ 25,000 ರೂ. ಬೆಲೆಯ ಯಂತ್ರದಲ್ಲಿ ವರ್ತಕನಿಗೆ 2,500 ರೂ. ಲಾಭವೆಂದು ಇಟ್ಟುಕೊಳ್ಳಿ. ಅಸಮಾಧಾನಗೊಂಡ ಗ್ರಾಹಕನ ಮನೆಗೆ ತಂತ್ರಜ್ಞನನ್ನು ಎರಡು ಬಾರಿ ಕಳುಹಿಸಲು 1,200 ರೂ., ಕೊನೆಗೆ ಯಂತ್ರವನ್ನು ವಾಪಸು ತರಲು 500 ರೂ. ಪೆಟ್ಟಿಗೆ ಒಡೆದು ಬಳಸಿದ ಯಂತ್ರವನ್ನು ಹೊಸದೆಂದು ಮಾರುವಂತಿಲ್ಲವಾದ್ದರಿಂದ ಅದು 20,000 ರೂ.ಗೆ ಹೋಯಿತೆನ್ನೋಣ. ಮೊದಲ ಲಾಭ ಹೋದದ್ದಲ್ಲದೆ 4,200 ರೂ. ಕೈಯಿಂದ ಹೋಯಿತು. ಇದನ್ನು ತುಂಬಿಕೊಳ್ಳಲು ಇನ್ನೆರಡು ಯಂತ್ರಗಳನ್ನು ಯಾವ ತಕರಾರೂ ಬಾರದಂತೆ ಮಾರಬೇಕು.

ಗ್ರಾಹಕನ ಕಡೆಯ ಲೆಕ್ಕ ಇನ್ನೂ ಕುತೂಹಲಕರವಾಗಿದೆ. ಯಂತ್ರ ಮತ್ತು ಗ್ರೈಂಡರ್ ಸೇರಿ 40,000 ರೂ., ದಿನಕ್ಕೆ ಎರಡು ಕಾಫಿ, ಐದು ವರ್ಷಗಳ ಬಾಳಿಕೆ ಎಂದಿಟ್ಟುಕೊಂಡರೆ 3,650 ಕಾಫಿಗಳಾಗುತ್ತವೆ. ಒಂದು ಕಾಫಿಗೆ ಉಪಕರಣದ ವೆಚ್ಚ ಸುಮಾರು 11 ರೂ. ಅದೇ ಜೋಡಿ ನಾಲ್ಕು ತಿಂಗಳ ನಂತರ ಅಟ್ಟ ಸೇರಿದರೆ ಒಂದು ಕಾಫಿಗೆ 167 ರೂ.ನಷ್ಟು ಬೀಳುತ್ತದೆ. ಬೆಲೆ ಒಂದೇ, ಮೌಲ್ಯದಲ್ಲಿ ಹದಿನೈದು ಪಟ್ಟು ವ್ಯತ್ಯಾಸ. ಇನ್ನು ಒಂದು ಕಾಫಿಗೆ 18 ಗ್ರಾಂ ಬೀಜ, ಕಿಲೋಗೆ 1,500 ರೂ. ಎಂದು ಹಿಡಿದರೆ ಬೀಜದ ವೆಚ್ಚವೇ 27 ರೂ. ಐದು ವರ್ಷಗಳಲ್ಲಿ ಸುಮಾರು 66 ಕಿಲೋ ಬೀಜ, 98,000 ರೂ.ಗೂ ಮಿಗಿಲಾದ ವ್ಯಾಪಾರ. ಯಂತ್ರಕ್ಕೆ ಕೊಟ್ಟ ಹಣದ ಎರಡೂವರೆ ಪಟ್ಟು! ಯಂತ್ರದ ವ್ಯಾಪಾರಿಗಳಲ್ಲಿ ಹೆಚ್ಚಿನವರು ಈ ಭಾಗವನ್ನು ಪೂರ್ತಿಯಾಗಿ ಬೇರೆಯವರಿಗೆ ಬಿಟ್ಟುಕೊಟ್ಟಿರುವುದು ನನಗೆ ಆಶ್ಚರ್ಯದ ಸಂಗತಿ. ಹುರಿದ ದಿನಾಂಕವನ್ನು ನಮೂದಿಸಿ ಬೀಜ ಕೊಡಬಲ್ಲ ಕಾಫಿ ವರ್ಕ್ಸ್‌ನವರೊಡನೆ ಒಂದು ಒಪ್ಪಂದ ಮಾಡಿಕೊಂಡರೆ ಯಂತ್ರ ಕೊಂಡ ಗ್ರಾಹಕನು ತಿಂಗಳಿಗೊಮ್ಮೆ ಅಂಗಡಿಗೆ ಬರುತ್ತಾನೆ.

ಬಾಳಿಕೆಯ ಪ್ರಶ್ನೆಯಲ್ಲಿ ನೀರಿನದೇ ಮುಖ್ಯ ಪಾತ್ರ. ಕೊಳವೆ ಬಾವಿಯ ಗಡಸು ನೀರಿನಿಂದ ಗೀಸರಿನ ಕಾಯಿಲಿಗೆ ಸುಣ್ಣದ ಪೊರೆ ಕಟ್ಟುವುದನ್ನು ಕಾಣದ ಗೃಹಸ್ಥರಿಲ್ಲ. ಎಸ್ಪ್ರೆಸೊ ಯಂತ್ರದ ಬಾಯ್ಲರ್ ಮತ್ತು ಕವಾಟಗಳ ದಾರಿ ಅದಕ್ಕಿಂತ ಎಷ್ಟೋ ಕಿರಿದು. ಕಾಲಕಾಲಕ್ಕೆ ಪೊರೆ ತೆಗೆಯುವ ಕ್ರಮವನ್ನು, ಮೃದುವಾದ ನೀರನ್ನು ಬಳಸುವ ಅಗತ್ಯವನ್ನು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿ ಪೆಟ್ಟಿಗೆಯೊಳಗೆ ಇಡಬಾರದೇಕೆ? ಇಟಲಿಯ ಗಾಜಿಯಾ ಕ್ಲಾಸಿಕ್ 1991ರಿಂದಲೂ, ರಾನ್ಚಿಲಿಯೊ ಸಿಲ್ವಿಯಾ 1997ರಿಂದಲೂ ಪರಿಷ್ಕೃತ ರೂಪಗಳಲ್ಲಿ ಇಂದಿನವರೆಗೆ ತಯಾರಾಗುತ್ತಿವೆ. ಎರಡರಲ್ಲಿಯೂ ಪುಡಿ ತುಂಬುವ ಹಿಡಿಯ ಅಳತೆ ಹೋಟೆಲು ಯಂತ್ರಗಳಂತೆ 58 ಮಿಲಿಮೀಟರ್. ಹಳೆಯ ಯಂತ್ರಕ್ಕೂ ಭಾಗಗಳು ದೊರೆಯುತ್ತವೆ, ತಿರುಪು ಬಿಚ್ಚಿ ಬದಲಿಸಬಹುದು. ಅವುಗಳಿಗೆ ಹೆಚ್ಚಿನ ಬೆಲೆ ತೆತ್ತವನು ಈ ದುರಸ್ತಿಯ ಸಾಧ್ಯತೆಗೇ ಹಣ ಕೊಟ್ಟಿದ್ದಾನೆ. ಪ್ಲಾಸ್ಟಿಕ್ ಬೆಸುಗೆಯ ಹೊದಿಕೆಯಲ್ಲಿ ಮುಚ್ಚಿಬಿಟ್ಟ ಯಂತ್ರದಲ್ಲಿ ಒಂದು ರಬ್ಬರ್ ಗ್ಯಾಸ್ಕೆಟ್ ಸವೆದರೂ ಇಡೀ ಯಂತ್ರ ಗುಜರಿಗೆ ಹೋಗುತ್ತದೆ.

ಸಣ್ಣ ಕೈಗಾರಿಕೋದ್ಯಮಿ ಸದಸ್ಯರು ಇಲ್ಲಿ ತುಸು ನಿಂತು ಯೋಚಿಸಬೇಕು. ಗ್ಯಾಸ್ಕೆಟ್, ಜಾಲರಿ, ಪುಡಿ ಒತ್ತುವ ಟ್ಯಾಂಪರ್, ಹಾಲಿನ ಸ್ಟೀಲ್ ಜಗ್, ಇವಾವುವೂ ಪೀಣ್ಯದ ಒಂದು ಸಾಧಾರಣ ರಬ್ಬರ್ ಮೋಲ್ಡಿಂಗ್ ಅಥವಾ ಟರ್ನಿಂಗ್ ಘಟಕಕ್ಕೆ ನಿಲುಕದ ವಸ್ತುಗಳಲ್ಲ. ಆಹಾರಕ್ಕೆ ಯೋಗ್ಯವಾದ ರಬ್ಬರ್ ಮತ್ತು ಸ್ಟೀಲ್ ಬಳಸುವ ಶಿಸ್ತು ಮಾತ್ರ ಬೇಕು. ಇಡೀ ಯಂತ್ರ ತಯಾರಿಸುವ ಸಾಹಸಕ್ಕೆ ಇಳಿಯುವ ಮೊದಲು, ಮಾರಾಟವಾಗಿರುವ ಯಂತ್ರಗಳನ್ನು ನಡೆಯುವಂತೆ ಇಡುವ ಬಿಡಿಭಾಗಗಳಲ್ಲಿ ಬಂಡವಾಳ ಹೂಡುವುದು ಕ್ಷೇಮವೆಂದು ನನಗೆ ತೋರುತ್ತದೆ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ಯಂತ್ರ ಅಲ್ಲಿಯ 120 ವೋಲ್ಟಿನದು. ಇಲ್ಲಿಯ 230 ವೋಲ್ಟಿಗೆ ನೇರವಾಗಿ ಹಚ್ಚಿದರೆ ಮೊದಲ ಕಾಫಿಗೆ ಮುಂಚೆಯೇ ಸುಟ್ಟುಹೋದೀತು. ಅದನ್ನು ಹೊತ್ತುಕೊಂಡು ನಿಮ್ಮ ಅಂಗಡಿಗೆ ಬಂದವರಿಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಮಾರಿ ಕಳುಹಿಸಬೇಡಿ. ಸಾವಿರ ವ್ಯಾಟ್ ಮೀರುವ ಹೀಟರಿಗೆ ಅದು ಸಾಲದು.

ವಾರಂಟಿಯ ಲೆಕ್ಕವನ್ನು ನಮ್ಮಲ್ಲಿ ಬಹುಮಂದಿ ನಿರ್ಲಕ್ಷಿಸುತ್ತಾರೆ. ಸ್ವಂತ ಹೆಸರಿನಲ್ಲಿ ವಾರಂಟಿ ಕೊಡುವ ತಯಾರಕನು ದುರಸ್ತಿ ಬಂದಾಗ ಖರ್ಚು ಬರೆದರೆ ಸಾಕೆಂದು ತಿಳಿಯಬಾರದು. ಲೆಕ್ಕಪತ್ರ ಮಾನದಂಡ ಎ.ಎಸ್. 29ರ ಪ್ರಕಾರ ಮಾರಾಟದ ವರ್ಷದಲ್ಲಿಯೇ ನಂಬಲರ್ಹ ಅಂದಾಜಿನಿಂದ ಪ್ರಾವಿಷನ್ ಮಾಡಬೇಕು. ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ, ಹಿಂದಿನ ವರ್ಷಗಳ ಅನುಭವದ ಆಧಾರದ ಮೇಲೆ ಮಾಡಿದ ಇಂಥ ಪ್ರಾವಿಷನನ್ನು ಆದಾಯದಿಂದ ಕಳೆಯಬಹುದೆಂದು ತೀರ್ಪಿತ್ತಿತು. ಆದುದರಿಂದ ಮೇಲೆ ಹೇಳಿದ ದೂರಿನ ಚೀಟಿಗಳ ಕಡತ ಗುಜರಿ ಕಾಗದವಲ್ಲ, ಅಂದಾಜಿಗೆ ಅದೇ ಆಧಾರ. ವಾರಂಟಿ ಅವಧಿಯಲ್ಲಿ ತಯಾರಕನು ಉಚಿತವಾಗಿ ಬದಲಿಸಿಕೊಟ್ಟ ಭಾಗಕ್ಕೆ ಪುನಃ ಜಿ.ಎಸ್.ಟಿ. ಇಲ್ಲವೆಂದೂ, ಅದರ ಮೇಲಿನ ಹುಟ್ಟುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಿಲ್ಲವೆಂದೂ 17-7-2023ರ ಸುತ್ತೋಲೆ ಸಂಖ್ಯೆ 195 ಸ್ಪಷ್ಟಪಡಿಸಿದೆ. ವಿತರಕನು ತನ್ನ ದಾಸ್ತಾನಿನ ಭಾಗ ಹಾಕಿ ಅದರ ಹಣವನ್ನು ತಯಾರಕನಿಂದ ವಸೂಲು ಮಾಡಿದರೆ ಮಾತ್ರ ಅದು ತಯಾರಕನಿಗೆ ಮಾಡಿದ ಪೂರೈಕೆಯಾಗಿ ತೆರಿಗೆಗೆ ಒಳಪಡುತ್ತದೆ.

'ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ' ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸುವ ರೂಢಿ ಇನ್ನೂ ಹೋಗಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಪ್ರಕಾರ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ 30 ದಿನಗಳೊಳಗೆ ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆರಿದ ಹಾಲು ದೋಷವೇ ಅಲ್ಲವೇ ಎಂಬ ಚರ್ಚೆ ಆಯೋಗದ ಮುಂದೆ ನಡೆಯುವ ಪ್ರಸಂಗ ಬಂದರೆ, ಮಾರುವಾಗ ಏನು ಹೇಳಿದ್ದಿರಿ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ.

ಆನ್‌ಲೈನ್ ಮಾರಾಟಗಾರರ ಬೆಲೆಯೊಡನೆ ಸ್ಪರ್ಧಿಸಲು ಸಾಧ್ಯವಿಲ್ಲವೆಂಬ ಅಳಲು ನಮ್ಮ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅದು ನಿಜವೂ ಹೌದು. ಆದರೆ ಗ್ರಾಹಕನ ಎದುರಿಗೆ ಬೀಜ ಬೀಸಿ, ಕಾಫಿ ಇಳಿಸಿ, ಅವನ ಕೈಗೇ ಬಟ್ಟಲು ಕೊಟ್ಟು, ಹಾಲು ಇಷ್ಟೇ ಬಿಸಿ, ಕಾಫಿ ಇಷ್ಟೇ ಎಂದು ತೋರಿಸುವ ಅನುಕೂಲ ಪರದೆಯ ಮೇಲಿನ ಅಂಗಡಿಗಿಲ್ಲ. ತಿಂಗಳಿಗೆ ಎರಡು ಕಿಲೋ ಬೀಜ, ಸ್ವಲ್ಪ ಹಾಲು, ತರಬೇತಾದ ಒಬ್ಬ ಹುಡುಗ. ಈ ವೆಚ್ಚವನ್ನು ಜಾಹೀರಾತಿನ ಬಾಬ್ತಿನಲ್ಲಿ ಬರೆಯಿರಿ. ಆ ಬಟ್ಟಲನ್ನು ಕುಡಿದ ಮೇಲೆ ಮುಖ ಸಿಂಡರಿಸುವ ಗ್ರಾಹಕನಿಗೆ, ಅಥವಾ ಗ್ರೈಂಡರ್ ಖಂಡಿತ ಬೇಡವೆನ್ನುವವನಿಗೆ, ಯಂತ್ರ ಮಾರುವ ಬದಲು ಒಂದು ಒಳ್ಳೆಯ ಹಿತ್ತಾಳೆಯ ಫಿಲ್ಟರನ್ನೋ ಒಲೆಯ ಮೇಲಿಡುವ ಮೋಕಾ ಪಾತ್ರೆಯನ್ನೋ ಕಟ್ಟಿಕೊಟ್ಟು ಕಳುಹಿಸುವುದು ಲೇಸು. ಅದರಲ್ಲಿ ಲಾಭ ಇನ್ನೂರು ರೂಪಾಯಿ ಇರಬಹುದು, ಆದರೆ ಆ ಬಿಲ್ಲು ದೂರಿನ ಕಡತಕ್ಕೆ ಬರುವುದಿಲ್ಲ.