ನಕಾಶೆ ಯಾರ ಮಕ್ಕಳ ಕೈಗೆ?

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಮೇಷ್ಟರು ಕೋಲಿನಿಂದ ತೋರಿಸಿದ ಊರನ್ನು ಹಿಂದಿನ ಬೆಂಚಿನಿಂದ ಕತ್ತು ಚಾಚಿ ನೋಡಿದವರು ನಾವು. ಇಂದು ಆ ಪಾಠ ಟ್ಯಾಬ್ಲೆಟ್ಟಿಗೆ ಬಂದಿದೆ. ಬೆರಳಿಟ್ಟರೆ ಊರು ಹತ್ತಿರವಾಗುತ್ತದೆ. ಸರಿಸಿದರೆ ಚಿತ್ರ, ವಿವರಣೆ, ಮುಂದಿನ ಸ್ಥಳ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಇದು ಉಳ್ಳವರ ಆಟಿಕೆಯೆಂದು ತಳ್ಳಿಹಾಕುವವರ ಮಾತನ್ನು ನಾವು ಒಪ್ಪುವುದಿಲ್ಲ.

ಒಂದು ಉದಾಹರಣೆ ಸಾಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತು. ಆಗ ಧಾರವಾಡ ಸೀಮೆಯ ಎರೆಭೂಮಿಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಲ್ಲಿ ಹಡಗೇರಿತು. ಪುಸ್ತಕದಲ್ಲಿ ಇದು ಒಂದು ಸಾಲು. ನಕಾಶೆಯ ಮೇಲೆ ಹೊಲದಿಂದ ಘಟ್ಟಕ್ಕೆ, ಘಟ್ಟದಿಂದ ಬಂದರಿಗೆ, ಬಂದರಿನಿಂದ ಗಿರಣಿಗೆ ಬೆರಳು ನಡೆಸಿದ ಕಾರ್ಮಿಕನ ಮಗಳ ಮನಸ್ಸಿನಲ್ಲಿ, ಬೆಳೆದವರಾರು, ನೆಯ್ದವರಾರು, ಲಾಭ ಉಂಡವರಾರು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಆದರೆ ಅವಳ ಕೈಗೆ ಟ್ಯಾಬ್ಲೆಟ್ಟು ಬರುವುದೆಂತು? 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿ ಪಾಠ ಫೋನಿಗೆ ಹೋಯಿತು. ಮನೆಗಿದ್ದ ಒಂದೇ ಫೋನು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಲ್ಲಿ ಮಕ್ಕಳ ಪಾಠವೂ ಅದರೊಡನೆ ಹೊರಟುಹೋಯಿತು. ಆ ಅನ್ಯಾಯ ಮತ್ತೆ ನಡೆಯಕೂಡದು.

ನಕಾಶೆಗಾದರೋ ಹಣ ತೆರಬೇಕಾಗಿಲ್ಲ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಜನರೇ ಕೂಡಿ ರಚಿಸಿದ ನಕಾಶೆ. ಮೊದಲೇ ಇಳಿಸಿಟ್ಟುಕೊಂಡರೆ ಇಂಟರ್‌ನೆಟ್ ಇಲ್ಲದ ಕೊಠಡಿಯಲ್ಲೂ ತೆರೆಯಬಹುದು. 2009ರಲ್ಲಿ ಇಸ್ರೋ ತೆರೆದ ಭುವನ್ ಸಾರ್ವಜನಿಕ ಹಣದಿಂದಲೇ ನಡೆಯುವಂಥದು. ಇವೆರಡೂ ಇರುವಾಗ ಖಾಸಗಿ ಕಂಪನಿಗಳಿಗೆ ವರ್ಷ ವರ್ಷ ಬಾಡಿಗೆ ಕಟ್ಟುವುದೇಕೆ?

ಆದುದರಿಂದ ನಮ್ಮ ಬೇಡಿಕೆ ಮೂರು. ಟ್ಯಾಬ್ಲೆಟ್ಟು ಪೋಷಕರು ಸಾಲಮಾಡಿ ಕೊಳ್ಳುವ ಸಾಮಾನಾಗದೆ, ಗೋಡೆಯ ಭೂಪಟದಂತೆ ಸರ್ಕಾರಿ ಶಾಲೆಯ ಸ್ವತ್ತಾಗಲಿ. ನಾಲ್ವರು ಮಕ್ಕಳಿಗೆ ಒಂದಾದರೂ ಸರಿಯೆ. ಪಾಠ ಕನ್ನಡದಲ್ಲಿರಲಿ, ಅದನ್ನು ಕಟ್ಟಲು ಮೇಷ್ಟರಿಗೆ ತರಬೇತಿಯೂ ಬಿಡುವೂ ದೊರೆಯಲಿ. ಮೂರನೆಯದಾಗಿ, ಮಕ್ಕಳು ನಕಾಶೆ ನೋಡಿದರಷ್ಟೇ ಸಾಲದು. ತಮ್ಮ ಕೇರಿಯ ನಲ್ಲಿ, ಚರಂಡಿ, ನ್ಯಾಯಬೆಲೆ ಅಂಗಡಿ, ಸಂತೆಯ ಸಾಲುಗಳನ್ನು ತಾವೇ ಅದರಲ್ಲಿ ಗುರುತಿಸಲಿ. ನಕಾಶೆಯಲ್ಲಿಲ್ಲದ ಕೇರಿಯನ್ನು ಮರೆಯುವುದು ಆಳುವವರಿಗೆ ಸುಲಭ.

ಶಾಲಾಭಿವೃದ್ಧಿ ಸಮಿತಿಯಲ್ಲಿ ಪೋಷಕರಿಗೆ ಸ್ಥಾನವಿದೆ. ಮುಂದಿನ ಸಭೆಗೆ ಪಾಳಿ ಮುಗಿಸಿ, ಅಂಗಡಿಯ ಬಾಗಿಲೆಳೆದು ಹೋಗೋಣ. ಕೇಳದೆ ಯಾರೂ ಕೊಟ್ಟಾರೆಂಬ ಭ್ರಮೆ ನಮಗೆ ಬೇಡ.