ಸುತ್ತು ಹೆಚ್ಚಿದರೆ ಸದ್ದು ಹೆಚ್ಚೇ?

ಧ್ವನಿಮುದ್ರಿಕೆಯ ಮುಳ್ಳಿನೊಡನೆ ಸುರುಳಿಯೇ ಕಾಂತಕ್ಷೇತ್ರದಲ್ಲಿ ಅಲುಗುವ ಪಿಕಪ್ಪಿನಲ್ಲಿ ಹುಟ್ಟುವ ವಿದ್ಯುತ್ತು ಅತ್ಯಲ್ಪ. 1960ರ ದಶಕದಲ್ಲಿ ಜಪಾನಿನ ಬಾನುಲಿಗಾಗಿ ನಿರ್ಮಿತವಾದ ಡೆನಾನ್ ಡಿಎಲ್-103ರದು 0.3 ಮಿಲಿವೋಲ್ಟು, ಆಂತರಿಕ ರೋಧ 40 ಓಮ್. ಇದನ್ನು ಏರಿಸಲು ಟ್ರಾನ್ಸ್‌ಫಾರ್ಮರು ಒಳ್ಳೆಯ ಸಾಧನವೇ ಸರಿ. ಆದರೆ ಸುತ್ತುಗಳ ಪ್ರಮಾಣ ಹೆಚ್ಚಿದಷ್ಟೂ ಲಾಭವೆಂದು ನಂಬಿ ಹಣ ತೆರುವವರನ್ನು ಕಂಡರೆ ನಮಗೆ ಮರುಕವಾಗುತ್ತದೆ. ಟ್ರಾನ್ಸ್‌ಫಾರ್ಮರು ಶಕ್ತಿಯನ್ನು ಸೃಷ್ಟಿಸದು. ವರ್ಧಕದ 47,000 ಓಮ್ ರೋಧವು ಪಿಕಪ್ಪಿಗೆ ಆ ಪ್ರಮಾಣದ ವರ್ಗದಿಂದ ಭಾಗಿಸಿದಷ್ಟಾಗಿಯೇ ತೋರುತ್ತದೆ: ಹತ್ತು ಮಡಿಗೆ 470 ಓಮ್, ನಲವತ್ತು ಮಡಿಗೆ ಬರಿಯ 29! ಆಗ 12 ಮಿಲಿವೋಲ್ಟು ನಿರೀಕ್ಷಿಸಿದವರಿಗೆ ದೊರೆಯುವುದು ಸುಮಾರು 5. ಮಿಕ್ಕುದನ್ನು ಸುರುಳಿಯೇ ನುಂಗಿಬಿಡುತ್ತದೆ. ಹತ್ತು ಮಡಿಯಲ್ಲಾದರೋ 3 ಮಿಲಿವೋಲ್ಟಿನಲ್ಲಿ 2.7ಕ್ಕೂ ಮಿಗಿಲು ಕೈಸೇರುತ್ತದೆ. ಸಾಧಾರಣ ವರ್ಧಕಕ್ಕೆ ಅಷ್ಟು ಸಾಲದೆ?