ಕೂಲಂಟ್ ಡಬ್ಬಿಯಲ್ಲಿ ಕಂದು ಕೆನೆ: ಗಾಡಿ ಬಿಸಿಯಾದರೆ ನೀರು ಸುರಿದರೆ ಸಾಕೇ?

‘ಕಾರು ಬಿಸಿಯಾದರೆ ಗಾಬರಿ ಬೇಡ, ರೇಡಿಯೇಟರ್ ಮುಚ್ಚಳ ತೆಗೆದು ನೀರು ಹಾಕಿ. ಸೋರುತ್ತಿದ್ದರೆ ಒಂದು ಚಮಚ ಅರಿಶಿನ ಪುಡಿ ಹಾಕಿ. ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ಇನ್ನೆಂದೂ ಬಿಸಿಯಾಗದು.’ ಇಂಥ ಸಲಹೆಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಬೆಳಗಾವಿ ಮತ್ತು ಖಾನಾಪುರದವರಿಗೆ ಇದು ಬರೀ ಕುತೂಹಲದ ವಿಷಯವಲ್ಲ. ಗೋವಾಕ್ಕೆ ಹೋಗಿ ಮರಳುವವರು ಖಾನಾಪುರ, ಲೋಂಡಾ ಕಡೆಯ ಅನಮೋಡ ಘಾಟ್ ಹತ್ತಬೇಕು, ಇಲ್ಲವೇ ಕಣಕುಂಬಿ, ಜಾಂಬೋಟಿ ಕಡೆಯ ಚೋರ್ಲಾ ಘಾಟ್ ಹತ್ತಬೇಕು. ಸಮುದ್ರಮಟ್ಟದ ಆಸುಪಾಸಿನಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಗೆ, ತುಂಬಿದ ಗಾಡಿಯಲ್ಲಿ, ಎಸಿ ಹಾಕಿಕೊಂಡು, ಲಾರಿಯ ಹಿಂದೆ ನಿಧಾನವಾಗಿ ಬರುವಾಗಲೇ ಕೂಲಿಂಗ್ ವ್ಯವಸ್ಥೆಯ ನಿಜವಾದ ಪರೀಕ್ಷೆ.

ಈ ಸಲಹೆಗಳಲ್ಲಿ ಯಾವುದು ಸರಿ, ಯಾವುದು ಅಪಾಯ ಎಂದು ನಾವು ಇಲ್ಲಿ ನೋಡೋಣ. ಕೂಲಂಟ್‌ನಲ್ಲಿ ಎಣ್ಣೆ ಅಥವಾ ಕೆಸರು ಸೇರಿ ಗಾಡಿ ಬಿಸಿಯಾದಾಗ ಕಾರಣ ಹುಡುಕುವುದು ಹೇಗೆ ಎಂಬುದನ್ನೂ ತಿಳಿಯೋಣ.

ಕೂಲಂಟ್ ಮಾಡುವ ಕೆಲಸವೇನು?

ಸುಟ್ಟ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸಲು ಸಿಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಭಾಗ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದ ಶಾಖದ ಬಹುಪಾಲನ್ನು ಕೂಲಂಟ್ ಹೊತ್ತುಕೊಂಡು ರೇಡಿಯೇಟರ್‌ಗೆ ತಲುಪಿಸಬೇಕು.

ಬೆಳಗಾವಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎಂಜಿನ್‌ಗೆ ಇದು ಸಾಲದು. ಅದಕ್ಕಾಗಿ ಎರಡು ಉಪಾಯಗಳಿವೆ. ಒಂದು, ನೀರಿಗೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಸಮಪಾಲಿನಲ್ಲಿ ಬೆರೆಸುವುದು. ಇನ್ನೊಂದು, ಪ್ರೆಶರ್ ಕುಕ್ಕರ್‌ನಂತೆ ಬಿಗಿ ಮುಚ್ಚಳ ಹಾಕಿ ಒತ್ತಡ ಹೆಚ್ಚಿಸುವುದು. ಎರಡೂ ಸೇರಿದರೆ ಕುದಿಯುವ ಬಿಂದು 125 ಡಿಗ್ರಿ ದಾಟುತ್ತದೆ. ಕೂಲಂಟ್‌ನಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳು ಅಲ್ಯೂಮಿನಿಯಂ, ಕಬ್ಬಿಣ, ಬೆಸುಗೆ ಎಲ್ಲವನ್ನೂ ಕಾಯುತ್ತವೆ. ‘ನಮ್ಮಲ್ಲಿ ಮಂಜುಗಡ್ಡೆ ಬೀಳುವುದಿಲ್ಲ, ಕೂಲಂಟ್ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಇದೇ. ನಮ್ಮ ಊರಲ್ಲಿ ಅದು ಬೇಕಿರುವುದು ಕುದಿಯದಿರಲು ಮತ್ತು ತುಕ್ಕು ಹಿಡಿಯದಿರಲು.

ಕಲಬೆರಕೆಯಾದರೆ ಬಿಸಿ ಏಕೆ ಏರುತ್ತದೆ?

ನೀರಿಗೆ ಹೋಲಿಸಿದರೆ ಎಂಜಿನ್ ಆಯಿಲ್ ಶಾಖವನ್ನು ಸಾಗಿಸುವುದರಲ್ಲಿ ಬಹಳ ಹಿಂದೆ. ಅದರ ಶಾಖ ವಾಹಕತೆ ನೀರಿನದರ ಕಾಲು ಭಾಗದಷ್ಟು ಮಾತ್ರ. ಎಣ್ಣೆ ಮತ್ತು ಕೂಲಂಟ್ ಪಂಪಿನಲ್ಲಿ ಕಡೆದು ಮೊಸರಿನಂತೆ ಗಟ್ಟಿಯಾದಾಗ ರೇಡಿಯೇಟರ್‌ನ ಸಣ್ಣ ನಳಿಗೆಗಳಲ್ಲಿ ಹರಿವು ಕುಗ್ಗುತ್ತದೆ, ಒಳಗೋಡೆಗೆ ಜಿಡ್ಡಿನ ಪದರ ಅಂಟುತ್ತದೆ. ಗಡಸು ನೀರು ಹಾಕಿದಾಗಲೂ ಹೀಗೆಯೇ: ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸ್ನಾನದ ಗೀಸರ್‌ನಲ್ಲಿ ಕಟ್ಟುವಂತೆಯೇ ಬಿಳಿ ಪೊರೆ ಕಟ್ಟುತ್ತವೆ. ಹೊರಗೆ ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಒಳಗಿನ ಶಾಖ ಹೊರಬರುವುದಿಲ್ಲ.

ಬಣ್ಣ ಏನು ಹೇಳುತ್ತದೆ?

ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಗಿನ ಹೊತ್ತು, ಕೂಲಂಟ್ ಡಬ್ಬಿಯನ್ನು ನೋಡಿ.

• ಬೆಳಗಾವಿ ಕುಂದಾ ನೆನಪಿಸುವ ಕಂದು ಕೆನೆ ಅಥವಾ ಹಾಲು ಹೆಚ್ಚಾದ ಚಹಾದ ಬಣ್ಣ, ಬೆರಳಿಗೆ ಜಿಡ್ಡು: ಎಂಜಿನ್ ಆಯಿಲ್ ಸೇರಿರಬಹುದು.
• ಗುಲಾಬಿ ಕೆನೆ, ಗಾಡಿ ಆಟೋಮ್ಯಾಟಿಕ್ ಗೇರಿನದು: ಗೇರ್ ಆಯಿಲ್ ಸೇರಿರಬಹುದು. ಕೆಲವು ಗಾಡಿಗಳಲ್ಲಿ ಗೇರ್ ಆಯಿಲ್ ತಣಿಸುವ ಕೊಳವೆ ರೇಡಿಯೇಟರ್ ಒಳಗೇ ಇರುತ್ತದೆ.
• ಇಟ್ಟಿಗೆ ಬಣ್ಣ, ತಳದಲ್ಲಿ ಪುಡಿ, ಜಿಡ್ಡಿಲ್ಲ: ತುಕ್ಕು. ಬಹಳ ಕಾಲ ಬರೀ ನೀರಿನಲ್ಲಿ ಓಡಿದ ಗಾಡಿಗಳಲ್ಲಿ ಸಾಮಾನ್ಯ.
• ಲೋಳೆಯಂಥ ಗಂಟುಗಳು, ಜಿಡ್ಡಿಲ್ಲ: ಹೊಂದದ ಎರಡು ಕೂಲಂಟ್‌ಗಳು ಬೆರೆತಿರಬಹುದು.

ಇಲ್ಲೊಂದು ಎಚ್ಚರಿಕೆ. ಹಸಿರು, ಕೆಂಪು, ನೀಲಿ ಎನ್ನುವುದು ಕಂಪನಿಗಳು ಹಾಕುವ ಬಣ್ಣ ಮಾತ್ರ, ಗುಣಮಟ್ಟದ ಗುರುತಲ್ಲ. ಒಂದೇ ಬಣ್ಣದ ಎರಡು ಕೂಲಂಟ್‌ಗಳ ರಾಸಾಯನಿಕಗಳು ಬೇರೆ ಬೇರೆ ಇರಬಹುದು. ಕೊಳ್ಳುವಾಗ ಬಣ್ಣ ನೋಡಬೇಡಿ, ಗಾಡಿಯ ಕೈಪಿಡಿಯಲ್ಲಿ ಹೇಳಿದ ಮಾದರಿಯನ್ನೇ ಕೇಳಿ.

ಎಣ್ಣೆ ಸೇರಿದೆ ಎಂದರೆ ‘ಹೆಡ್ ಹೋಗಿದೆ’ ಎಂದೇ ಅರ್ಥವೇ?

ಅಲ್ಲ. ಈ ಅವಸರದ ತೀರ್ಮಾನದಿಂದ ಗ್ಯಾರೇಜ್‌ನಲ್ಲಿ ಹಣ ವ್ಯರ್ಥವಾಗಬಹುದು. ಹೆಡ್ ಗ್ಯಾಸ್ಕೆಟ್ ಎನ್ನುವುದು ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ತೆಳು ಹಾಳೆ. ಎಣ್ಣೆ, ಕೂಲಂಟ್, ಉರಿಯುವ ಅನಿಲ ಒಂದನ್ನೊಂದು ಮುಟ್ಟದಂತೆ ಅದು ತಡೆಯುತ್ತದೆ. ಅದು ಹಾಳಾದರೆ ಎಣ್ಣೆ ಬೆರೆಯುವುದು ನಿಜ. ಆದರೆ ಅನೇಕ ಡೀಸೆಲ್ ಗಾಡಿಗಳಲ್ಲಿ ಆಯಿಲ್ ಕೂಲರ್ ಎಂಬ ಪುಟ್ಟ ಭಾಗವಿದೆ. ಅದರ ಒಂದು ಬದಿ ಎಣ್ಣೆ, ಇನ್ನೊಂದು ಬದಿ ಕೂಲಂಟ್. ಅದರ ರಬ್ಬರ್ ಸೀಲ್ ಹೋದರೂ ಡಬ್ಬಿಯಲ್ಲಿ ಇದೇ ಕಂದು ಕೆನೆ. ಸೀಲ್ ಬದಲಿಸುವುದಕ್ಕೂ ಹೆಡ್ ಇಳಿಸುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ.

ಹಾಗಾಗಿ ಎಂಜಿನ್ ಬಿಚ್ಚುವ ಮೊದಲು ಮಿಸ್ತ್ರಿಯನ್ನು ಈ ಪರೀಕ್ಷೆಗಳ ಬಗ್ಗೆ ಕೇಳಿ:

1. ಎರಡೂ ಕಡೆ ನೋಡುವುದು. ಡಿಪ್‌ಸ್ಟಿಕ್ ಎಣ್ಣೆ ಸ್ವಚ್ಛವಾಗಿದ್ದು ಕೂಲಂಟ್‌ನಲ್ಲಿ ಮಾತ್ರ ಎಣ್ಣೆಯಿದ್ದರೆ ಆಯಿಲ್ ಕೂಲರ್ ಮೇಲೆ ಮೊದಲ ಅನುಮಾನ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ಕೂಲಂಟ್‌ನದಕ್ಕಿಂತ ಹೆಚ್ಚಿರುವುದರಿಂದ ಎಣ್ಣೆಯೇ ಆ ಕಡೆ ನುಗ್ಗುತ್ತದೆ. ಆದರೆ ಇದೊಂದರಿಂದಲೇ ಹೆಡ್ ಗ್ಯಾಸ್ಕೆಟ್ ಸರಿಯಿದೆ ಎನ್ನಲಾಗದು.
2. ಅನಿಲ ಪರೀಕ್ಷೆ. ರೇಡಿಯೇಟರ್ ಬಾಯಿಯ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಉರಿದ ಹೊಗೆ ಬೆರೆತಿದ್ದರೆ ಬಣ್ಣ ಬದಲಾಗುತ್ತದೆ. ಬದಲಾದರೆ ಗ್ಯಾಸ್ಕೆಟ್ ಅಥವಾ ಹೆಡ್‌ನ ಬಿರುಕಿನ ಅನುಮಾನ ಗಟ್ಟಿಯಾಗುತ್ತದೆ.
3. ಒತ್ತಡ ಪರೀಕ್ಷೆ. ಕೈಪಂಪಿನಿಂದ ಕೂಲಿಂಗ್ ವ್ಯವಸ್ಥೆಗೆ ಗಾಳಿಯ ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತದೆಯೇ ನೋಡುವುದು.
4. ಕಂಪ್ರೆಷನ್ ಪರೀಕ್ಷೆ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಒತ್ತಡ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರಬಹುದು.
5. ಆಯಿಲ್ ಕೂಲರ್ ಬಿಚ್ಚಿ, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸುವುದು. ಪಂಕ್ಚರ್ ಹುಡುಕುವಂತೆಯೇ ಗುಳ್ಳೆ ಬರುತ್ತದೆಯೇ ನೋಡುವುದು.

ಆಯಿಲ್ ಹಾಕುವ ಮುಚ್ಚಳದ ಒಳಬದಿ ಸ್ವಲ್ಪ ಬಿಳಿ ನೊರೆ ಕಂಡ ಮಾತ್ರಕ್ಕೆ ಹೆದರಬೇಕಿಲ್ಲ. ಮಳೆಗಾಲದಲ್ಲಿ, ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ತೇವಾಂಶದಿಂದಲೂ ಅದು ಬರುತ್ತದೆ.

ಫಾರ್ವರ್ಡ್ ಸಲಹೆಗಳ ಸತ್ಯಾಸತ್ಯತೆ

‘ಬಿಸಿಯಾದ ಕೂಡಲೇ ಮುಚ್ಚಳ ತೆಗೆಯಿರಿ’: ಅತ್ಯಂತ ಅಪಾಯಕಾರಿ. ಒಳಗಿನ ದ್ರವ 100 ಡಿಗ್ರಿ ದಾಟಿಯೂ ಒತ್ತಡದಿಂದಾಗಿ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಬಿದ್ದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಒದ್ದೆ ಬಟ್ಟೆ ಇದನ್ನು ತಡೆಯುವುದಿಲ್ಲ. ಕುಕ್ಕರ್ ಸೀಟಿ ಇಳಿಯುವ ಮೊದಲು ಮುಚ್ಚಳ ತೆಗೆಯದವರು ಇಲ್ಲೂ ತೆಗೆಯಬಾರದು.

‘ಎಂಜಿನ್ ಮೇಲೆ ತಣ್ಣೀರು ಸುರಿಯಿರಿ’: ಬೇಡ. ಕಾದ ಲೋಹ ಒಂದೇ ಕಡೆ ಥಟ್ಟನೆ ತಣಿದರೆ ಬಿರುಕು ಬಿಡಬಹುದು.

‘ಅರಿಶಿನ ಹಾಕಿದರೆ ಸೋರಿಕೆ ನಿಲ್ಲುತ್ತದೆ’: ಅರ್ಧ ಸತ್ಯ. ಪುಡಿ ಉಬ್ಬಿ ಸಣ್ಣ ತೂತಿನಲ್ಲಿ ಸಿಕ್ಕಿಕೊಂಡು ಸ್ವಲ್ಪ ಹೊತ್ತು ಸೋರಿಕೆ ನಿಲ್ಲಬಹುದು. ಆದರೆ ಯಾವುದು ತೂತು, ಯಾವುದು ಬೇಕಾದ ನಳಿಗೆ ಎಂದು ಪುಡಿಗೆ ಗೊತ್ತಿಲ್ಲ. ಈಗಿನ ರೇಡಿಯೇಟರ್‌ಗಳ ನಳಿಗೆಗಳು ಬಹಳ ಕಿರಿದು, ಅವೂ ಕಟ್ಟಿಕೊಳ್ಳುತ್ತವೆ. ಎಣ್ಣೆ ಬೆರೆತ ಕೂಲಂಟ್‌ಗೆ ಪುಡಿ ಹಾಕಿದರೆ ಕೆಸರು ಇನ್ನೂ ಹೆಚ್ಚುತ್ತದೆ.

‘ಥರ್ಮೋಸ್ಟಾಟ್ ತೆಗೆಯಿರಿ’: ತಪ್ಪು. ಎಂಜಿನ್ ಸುಮಾರು 80ರಿಂದ 95 ಡಿಗ್ರಿಗೆ ಬರುವ ತನಕ ಅದು ರೇಡಿಯೇಟರ್ ದಾರಿ ಮುಚ್ಚಿರುತ್ತದೆ. ಅದಿಲ್ಲದ ಎಂಜಿನ್ ಬೇಗ ಬೆಚ್ಚಗಾಗದು, ಇಂಧನ ಹೆಚ್ಚು ಕುಡಿಯುತ್ತದೆ, ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

‘ಎಸಿ ಆಫ್ ಮಾಡಿ, ಹೀಟರ್ ಹಾಕಿ’: ಇದು ನಿಜ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್. ಮುಳ್ಳು ಏರಲು ಶುರುವಾದಾಗ, ಸುರಕ್ಷಿತ ಜಾಗ ಸಿಗುವವರೆಗೆ ಇದು ನೆರವಾಗುತ್ತದೆ. ಮುಳ್ಳು ಮೇಲಿದ್ದೂ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಕೂಲಂಟ್ ಖಾಲಿಯಾಗಿದೆ ಅಥವಾ ಹರಿಯುತ್ತಿಲ್ಲ ಎಂದು ತಿಳಿದು ಕೂಡಲೇ ನಿಲ್ಲಿಸಿ. ಕೂಲಂಟ್ ಪೂರ್ತಿ ಸೋರಿದಾಗ ಮುಳ್ಳು ಸುಳ್ಳು ಹೇಳುವುದೂ ಉಂಟು. ಉಷ್ಣತೆ ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿರದಿದ್ದರೆ ಸರಿಯಾಗಿ ತೋರಿಸದು.

ಘಾಟ್‌ನಲ್ಲಿ ಗಾಡಿ ನಿಂತರೆ

ರಸ್ತೆ ಬದಿಗೆ ಸರಿಸಿ, ಎಂಜಿನ್ ಆಫ್ ಮಾಡಿ, ಹಜಾರ್ಡ್ ದೀಪ ಹಾಕಿ. ಉಗಿ ಬರುವುದು ನಿಂತ ಮೇಲೆ ಬಾನೆಟ್ ತೆರೆಯಿರಿ. ಫ್ಯಾನ್ ತಾನೇ ತಿರುಗಬಹುದು, ಕೈ ಹಾಕಬೇಡಿ. ರೇಡಿಯೇಟರ್‌ನ ಮೇಲಿನ ಪೈಪು ಕೈಗೆ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬೇಡಿ. ಅದಕ್ಕೆ ಅರ್ಧ ಗಂಟೆಗಿಂತ ಹೆಚ್ಚೇ ಬೇಕಾಗಬಹುದು. ಡಬ್ಬಿಯಲ್ಲಿ ಸ್ವಚ್ಛ ಕೂಲಂಟ್ ಕಡಿಮೆಯಾಗಿದ್ದರೆ ಬಾಟಲಿ ನೀರು ಹಾಕಿ ಹತ್ತಿರದ ಗ್ಯಾರೇಜ್‌ವರೆಗೆ ಹೋಗಬಹುದು. ಕಂದು ಕೆನೆ ಕಂಡರೆ ಓಡಿಸಬೇಡಿ, ಟೋಯಿಂಗ್ ಗಾಡಿ ಕರೆಸಿ. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಎಲ್ಲೆಡೆ ಸಿಗದು, ಆದ್ದರಿಂದ ನಂಬರ್‌ಗಳನ್ನು ಮೊದಲೇ ಉಳಿಸಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ಸಹಾಯಕ್ಕೆ 112.

‘ಇನ್ನೇನು ಖಾನಾಪುರ ಬಂತು, ನಾಲ್ಕು ಕಿಲೋಮೀಟರ್ ತಾನೇ’ ಎಂದು ಓಡಿಸಿದಾಗಲೇ ದೊಡ್ಡ ನಷ್ಟ. ಅಲ್ಯೂಮಿನಿಯಂ ಹೆಡ್ ಅತಿ ಬಿಸಿಗೆ ಬಾಗುತ್ತದೆ. ಅದು ಸಹಿಸುವ ಬಾಗು ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಸಾಮಾನ್ಯ ವಾಹನ ವಿಮೆ ಯಾಂತ್ರಿಕ ಕೆಡುಕಿನ ನಷ್ಟ ತುಂಬಿಕೊಡುವುದಿಲ್ಲ. ನಾಲ್ಕು ಕಿಲೋಮೀಟರ್‌ನ ಆತುರಕ್ಕೆ ಪೂರ್ತಿ ಎಂಜಿನ್ ಬೆಲೆ ತೆರಬೇಕಾಗಬಹುದು.

ರಿಪೇರಿಯ ಸರಿಯಾದ ಕ್ರಮ

ಮೊದಲು ಎಣ್ಣೆ ಬರುವ ದಾರಿ ಮುಚ್ಚಬೇಕು, ಆಮೇಲೆ ತೊಳೆಯಬೇಕು. ಕಾರಣ ಸರಿಪಡಿಸದೆ ಫ್ಲಶ್ ಮಾಡಿಸಿದರೆ ಕೆಲವೇ ದಿನಗಳಲ್ಲಿ ಕೆನೆ ಮತ್ತೆ ಹಾಜರ್.

ಹೆಡ್ ಇಳಿಸಿದ್ದರೆ ಅದರ ಮೇಲ್ಮೈ ನೇರವಾಗಿದೆಯೇ ಎಂದು ಸ್ಟ್ರೈಟ್ ಎಡ್ಜ್ ಮತ್ತು ಫೀಲರ್ ಗೇಜ್ ಇಟ್ಟು ಅಳೆಯಲೇಬೇಕು. ಬಾಗಿದ್ದರೆ ಫೇಸಿಂಗ್ ಮಾಡಿಸಬೇಕು. ಉದ್ಯಮಬಾಗ್‌ನಂಥ ಕೈಗಾರಿಕಾ ಪ್ರದೇಶವಿರುವ, ಫೌಂಡ್ರಿ ಮತ್ತು ಮಷಿನ್ ಕೆಲಸಕ್ಕೆ ಹೆಸರಾದ ಬೆಳಗಾವಿಯಲ್ಲಿ ಲೋಹದ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಬಾಗಿದ ಹೆಡ್‌ಗೆ ಹೊಸ ಗ್ಯಾಸ್ಕೆಟ್ ಹಾಕಿ ಕಳುಹಿಸಿದರೆ ಅದು ನಿಲ್ಲುವುದಿಲ್ಲ. ಅನೇಕ ಎಂಜಿನ್‌ಗಳಲ್ಲಿ ಹೆಡ್ ಬೋಲ್ಟ್‌ಗಳನ್ನೂ ಹೊಸದಾಗಿಯೇ ಹಾಕಬೇಕು.

ತೊಳೆಯುವಾಗ ಎಣ್ಣೆ ಕರಗಿಸುವ ರೇಡಿಯೇಟರ್ ಕ್ಲೀನರ್ ಬಳಸಿ, ಹೊರಬರುವ ನೀರು ತಿಳಿಯಾಗುವವರೆಗೆ ಹಲವು ಸಲ ಫ್ಲಶ್ ಮಾಡಬೇಕು. ಮನೆಯ ಸೋಪಿನ ನೀರು ಬೇಡ, ಅದರ ನೊರೆ ಸುಲಭವಾಗಿ ಹೊರಹೋಗದು. ಎಣ್ಣೆಗೆ ರಬ್ಬರ್ ಉಬ್ಬುತ್ತದೆ, ಆದ್ದರಿಂದ ಮೆತ್ತಗಾದ ಪೈಪುಗಳನ್ನು ಬದಲಿಸಬೇಕು. ಕೂಲಂಟ್ ಎಣ್ಣೆಯೊಳಗೂ ಹೋಗಿದ್ದರೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಾವಣೆ ಕಡ್ಡಾಯ.

ಕೊನೆಗೆ ಹೊಸ ಕೂಲಂಟ್. ಡಬ್ಬದ ಮೇಲೆ ‘ನೇರ ಬಳಕೆಗೆ’ ಎಂದಿದ್ದರೆ ನೀರು ಬೆರೆಸಬೇಡಿ. ಗಟ್ಟಿ ಕೂಲಂಟ್ ಆಗಿದ್ದರೆ ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ಅಥವಾ ಲವಣ ತೆಗೆದ ನೀರು ಬೆರೆಸಿ. ಬ್ಯಾಟರಿ ನೀರು ಎಂದು ಸಿಗುವುದು ಇದೇ, ಬ್ಯಾಟರಿ ಆ್ಯಸಿಡ್ ಅಲ್ಲ. ಹೀಟರ್ ಹಾಕಿ, ಎಂಜಿನ್ ಓಡಿಸಿ, ಒಳಗಿನ ಗಾಳಿ ಹೊರಗೆ ಹೋಗಿಸಬೇಕು. ಒಂದು ವಾರ ದಿನಾ ಬೆಳಿಗ್ಗೆ ಡಬ್ಬಿ ನೋಡಿ. ತುಸು ಜಿಡ್ಡು ಹಳೆಯ ಉಳಿಕೆ ಇರಬಹುದು, ಆದರೆ ಅದು ಹೆಚ್ಚುತ್ತಾ ಹೋದರೆ ಗಾಡಿ ಮತ್ತೆ ಗ್ಯಾರೇಜ್‌ಗೆ.

ಬಸಿದ ಕೂಲಂಟ್ ಎಲ್ಲಿಗೆ?

ಇದರ ಬಗ್ಗೆ ಯಾವ ಫಾರ್ವರ್ಡೂ ಹೇಳುವುದಿಲ್ಲ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ದೇಹಕ್ಕೆ ವಿಷ. ಅದು ದೇಹದಲ್ಲಿ ಆಕ್ಸಾಲಿಕ್ ಆಮ್ಲವಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ ನೆಕ್ಕಬಹುದು, ಕುಡಿಯುವ ನೀರಿನ ಬಾಟಲಿಯಲ್ಲಿಟ್ಟದ್ದನ್ನು ಮಗು ಕುಡಿಯಬಹುದು. ಕುಡಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಬ್ಬದೊಂದಿಗೆ ನೇರ ಆಸ್ಪತ್ರೆಗೆ ಹೋಗಿ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಆ ದಾರಿಯ ಚರಂಡಿಗೆ ಸುರಿದದ್ದು ಎಲ್ಲಿಗೆ ಹರಿಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜ್‌ಗೆ ಕೊಡಿ.

ಹಾಗಾದರೆ ಏನನ್ನು ಫಾರ್ವರ್ಡ್ ಮಾಡಬಹುದು? ಮೂರು ಸಾಲು ಸಾಕು: ಬಿಸಿ ಎಂಜಿನ್‌ನ ಮುಚ್ಚಳ ತೆಗೆಯಬೇಡಿ. ಕಂದು ಕೆನೆ ಕಂಡರೆ ಓಡಿಸಬೇಡಿ. ಪರೀಕ್ಷೆ ಮಾಡಿಸದೆ ಎಂಜಿನ್ ಬಿಚ್ಚಿಸಬೇಡಿ.